ನಡುಕಕ್ಕೆ ಆರು ಪದ

ಪಾಠ ಮುಗಿದು ಉಳಿದ ಶಿಷ್ಯರೆಲ್ಲ ಎದ್ದುಹೋದರು. ಅಚ್ಯುತ ಮಾತ್ರ ಕೂತೇ ಇದ್ದ. ಸುತ್ತ ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ಗುರುಗಳನ್ನು ಕೇಳಿದ:

"ಗುರುಗಳೇ, ಭಕ್ತಿ ಮಾಗಿದವನ ಮೈಯಲ್ಲಿ ಎಂಟು ಗುರುತು ಕಾಣಿಸುತ್ತವೆ ಎಂದು ಓದಿದ್ದೇನೆ. ಕಣ್ಣೀರು ಒಂದು, ರೋಮಾಂಚ ಒಂದು, ನಡುಕ ಒಂದು. ಎಂಟಕ್ಕೂ ಲಕ್ಷಣ ಹೇಳಬಲ್ಲೆ. ಟೀಕೆಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ, ಅದನ್ನೂ ಹೇಳಬಲ್ಲೆ. ಈ ಮಠಕ್ಕೆ ಬಂದು ಹನ್ನೊಂದು ವರ್ಷವಾಯಿತು. ಒಂದು ದಿನವೂ ನನ್ನ ಕಿರುಬೆರಳು ನಡುಗಿದ್ದಿಲ್ಲ. ನನ್ನಲ್ಲಿ ಏನು ಕೊರತೆ?"

ಜಂಬಕ್ಕೆ ಕೇಳಿದ ಪ್ರಶ್ನೆಯಲ್ಲ ಅದು. ಬಹಳ ದಿನ ಒಬ್ಬನೇ ಹೊತ್ತುಕೊಂಡು ತಿರುಗಿದ ಪ್ರಶ್ನೆ. ಗುರುಗಳು ಅವನನ್ನು ಹತ್ತಿರ ಕೂರಿಸಿಕೊಂಡು ಈ ಕತೆ ಹೇಳಿದರು.

ಇಂಗ್ಲಿಷರ ದಂಡು ಬೀಡುಬಿಟ್ಟಿದ್ದ ಒಂದು ಊರಿನಲ್ಲಿ ಒಬ್ಬ ಮುನ್ಷಿಯಿದ್ದ. ದೊರೆಗಳಿಗೆ ಕನ್ನಡ ಕಲಿಸುವುದು ಅವನ ವೃತ್ತಿ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ವಿಧವೆಯಾದ ಅಕ್ಕ ಅವನ ಮನೆಯಲ್ಲಿದ್ದು ಬೇಯಿಸಿ ಹಾಕುತ್ತಿದ್ದಳು. ಒಂದೇ ಸೂರಿನ ಕೆಳಗೆ ಇಬ್ಬರೂ ಇಪ್ಪತ್ತು ವರ್ಷ ಕಳೆದಿದ್ದರು. ಊಟಕ್ಕೆ ಬಾ ಎಂದು ಅವಳು ಕರೆಯುವುದು, ಬಂದೆ ಎಂದು ಅವನು ಹೇಳುವುದು, ಇಷ್ಟು ಬಿಟ್ಟರೆ ಅವರ ನಡುವೆ ಹೆಚ್ಚು ಮಾತಿರಲಿಲ್ಲ. ಮುನ್ಷಿ ಕೆಟ್ಟವನೇನಲ್ಲ. ಬೀದಿಯವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ, ಬಂದ ಕಾಗದ ಓದಿ ಹೇಳುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುತ್ತಾರಲ್ಲ, ಮಾರಿ ಎನಿಸಿಕೊಳ್ಳುವಷ್ಟೂ ಅವನು ಮನೆಗೆ ಒದಗುತ್ತಿರಲಿಲ್ಲ. ಬೈಯುವುದಕ್ಕಾದರೂ ಮನುಷ್ಯ ಮನೆಯಲ್ಲಿರಬೇಕು.

ಆ ಊರಿನ ಒಬ್ಬ ದೊರೆಗೆ ನಿಘಂಟಿನ ಹುಚ್ಚು ಹಿಡಿಯಿತು. ತನ್ನ ಭಾಷೆಯ ಒಂದೊಂದು ಪದಕ್ಕೂ ಕನ್ನಡದ ಪದ ಜೋಡಿಸಿ ದೊಡ್ಡ ಪುಸ್ತಕ ಮಾಡುತ್ತೇನೆ ಎಂದು ಹೊರಟ. ಮುನ್ಷಿಯನ್ನು ಜೊತೆಗೆ ಹಾಕಿಕೊಂಡ. ಹುಚ್ಚು ದೊರೆಗೆ ಹಿಡಿದದ್ದಕ್ಕಿಂತ ಬಲವಾಗಿ ಮುನ್ಷಿಗೆ ಹಿಡಿಯಿತು. ಪದಕ್ಕೊಂದು ಚೀಟಿ, ನೂರು ಚೀಟಿಗೊಂದು ಕಟ್ಟು. ಕಟ್ಟುಗಳು ಅವನ ಮನೆಯ ಗೋಡೆಯ ಗೂಡುಗಳಲ್ಲಿ ತುಂಬಿಕೊಂಡವು. ಅಕ್ಕನ ಉಪ್ಪಿನಕಾಯಿ ಜಾಡಿಗಳು ಗೂಡಿನಿಂದ ಇಳಿದು ನೆಲಕ್ಕೆ ಬಂದವು.

ಮುನ್ಷಿಯ ಕೆಲಸಕ್ಕೆ ಎರಡು ಕಟ್ಟಳೆ. ಒಂದು, ಯಾವ ವಸ್ತುವಿಗೆ ಪದ ಬರೆಯುತ್ತಾನೋ ಆ ವಸ್ತುವನ್ನು ಕಣ್ಣಾರೆ ನೋಡಿರಬೇಕು. ಎರಡು, ಒಬ್ಬರು ಹೇಳಿದ ಪದ ಸಾಲದು. ಅವರಿಗೆ ಸಂಬಂಧವಿಲ್ಲದ ಇನ್ನೊಂದು ಬಾಯಿಂದಲೂ ಅದೇ ಪದ ಬರಬೇಕು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯವನು. ದೊರೆಯೇ ಸಾಕು ಬಿಡು ಎಂದರೂ ಬಿಡುತ್ತಿರಲಿಲ್ಲ. ಇಂಥ ಶುದ್ಧ ಕೆಲಸ ಇನ್ನೆಲ್ಲೂ ನಡೆಯುತ್ತಿಲ್ಲ ಎಂಬ ಹೆಮ್ಮೆ ಅವನಿಗೆ. ಆ ಹೆಮ್ಮೆ ಸುಳ್ಳೂ ಅಲ್ಲ.

ಮರ, ಮೀನು, ಪಾತ್ರೆ, ಪಗಡೆ ಎಲ್ಲ ಸಲೀಸಾಗಿ ಮುಗಿದವು. ಒಂದು ದಿನ ನಡುಕದ ಸರದಿ ಬಂತು. ಕನ್ನಡದವನು ನಡುಗಿದೆ ಎಂದು ಹೇಳಿ ಸುಮ್ಮನಾಗುವ ಕಡೆ ಇಂಗ್ಲಿಷಿನವನು ಆರು ಪದ ಇಟ್ಟುಕೊಂಡು ಕೂತಿದ್ದ. ಶೇಕ್, ಕ್ವೇಕ್, ಕ್ವಿವರ್, ಶಡರ್, ಶಿವರ್, ಟ್ರೆಂಬಲ್. ಒಂದಕ್ಕೊಂದು ಏನು ವ್ಯತ್ಯಾಸ ಎಂದು ಮುನ್ಷಿ ಕೇಳಿದ. ಬಾಯಲ್ಲಿ ಹೇಳಿ ಸೋತ ದೊರೆ ಎದ್ದು ನಿಂತು ಅಭಿನಯಿಸಿ ತೋರಿಸಿದ. ಮೇಜು ಹಿಡಿದು ಅಲ್ಲಾಡಿಸಿದ, ಅದು ಶೇಕ್. ನೆಲ ತೋರಿಸಿ ಕಾಲು ಕುಣಿಸಿದ, ಭೂಮಿ ಅದುರಿದರೆ ಕ್ವೇಕ್. ಅಳು ತಡೆದುಕೊಂಡ ಮಗುವಿನ ಹಾಗೆ ತುಟಿ ಅದುರಿಸಿದ, ಅದು ಕ್ವಿವರ್. ಕುಡಿಯುವ ಚಹಾದಲ್ಲಿ ಹಲ್ಲಿ ಬಿದ್ದದ್ದನ್ನು ನೆನೆಸಿಕೊಂಡು ಮೈ ಒಮ್ಮೆ ಜುಮ್ಮೆನ್ನಿಸಿದ, ಅದು ಶಡರ್. ಬಾಗಿಲಲ್ಲಿ ನಿಂತಿದ್ದ ಜವಾನ ಮುಖ ತಿರುಗಿಸಿ ನಕ್ಕ.

ಶಿವರ್ ಎಂದರೆ ಚಳಿಗೆ ಬರುವ ನಡುಕ ಎಂದ ದೊರೆ. ಟ್ರೆಂಬಲ್ ಎಂಬಲ್ಲಿಗೆ ಬಂದಾಗ ಅವನ ಕುಣಿತ ನಿಂತಿತು. ತಾನು ಹಡಗು ಹತ್ತುವ ದಿನ ತನ್ನ ತಾಯಿ ಕೈಕುಲುಕಿದಳು, ಆಗ ಅವಳ ಕೈ ಹಾಗೆ ಆಗುತ್ತಿತ್ತು ಎಂದು ಹೇಳಿ ಕಿಟಕಿಯ ಕಡೆ ತಿರುಗಿಕೊಂಡ. ಮುನ್ಷಿ ಚೀಟಿಯ ಮೇಲೆ "ತಾಯಿಯ ಕೈ" ಎಂದು ಬರೆದ. ಆಮೇಲೆ ಅದು ಅರ್ಥವಿವರಣೆ ಆಗುವುದಿಲ್ಲವೆಂದು ಹೊಡೆದುಹಾಕಿದ.

ಮೊದಲ ನಾಲ್ಕು ಪದಕ್ಕೆ ನಾಲ್ಕು ಕನ್ನಡ ಪದ ವಾರದೊಳಗೆ ಕೂಡಿದವು. ಚಳಿಯ ನಡುಕವನ್ನು ಕಣ್ಣಾರೆ ನೋಡಬೇಕೆಂದು ಮುನ್ಷಿ ಮುಂಜಾನೆ ಹೊಳೆಗೆ ಹೋಗಿ ಸ್ನಾನ ಮಾಡಿ ಬರುವವರನ್ನು ನೋಡುತ್ತ ನಿಂತ. ಅವರು ಎರಡು ಗಳಿಗೆ ನಡುಗಿ ಪಂಚೆ ಸುತ್ತಿಕೊಂಡು ಹೊರಟುಬಿಡುತ್ತಿದ್ದರು. ಅಷ್ಟು ಚಿಕ್ಕ ನಡುಕ ಅವನಿಗೆ ಸಾಲಲಿಲ್ಲ. ಕುರಿ ಕಾಯುವವರ ಹಟ್ಟಿಗೆ ಹೋದ, ಸಂತೆಮಾಳದಲ್ಲಿ ಬೆಳಗಿನ ತನಕ ಕಾದ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಂತೆ ಅಲೆದ. ಯಾಕೆಂದರೆ ಅವನ ಅಕ್ಕನಿಗೆ ಆಗಲೇ ಇಪ್ಪತ್ತು ದಿನದಿಂದ ಚಳಿಜ್ವರ ಬರುತ್ತಿತ್ತು. ದಿನ ಬಿಟ್ಟು ದಿನ ಬರುತ್ತಿತ್ತು, ನಡುಮಧ್ಯಾಹ್ನ ಬರುತ್ತಿತ್ತು, ಅವನು ಮನೆಯಲ್ಲಿಲ್ಲದ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಆ ಊರಲ್ಲಿ ಚಳಿಜ್ವರ ಎಲ್ಲ ಮನೆಗೂ ಗೊತ್ತಿದ್ದ ನೆಂಟ. ಅದಕ್ಕೆ ಒಂದು ರೂಢಿಯಿತ್ತು. ಜ್ವರದ ಚಳಿ ಎಷ್ಟು ಕಂಬಳಿ ಹೊದೆಸಿದರೂ ನಿಲ್ಲುವುದಿಲ್ಲ. ಮನೆಯವರು ಯಾರಾದರೂ ಕಂಬಳಿಯ ಮೇಲಿಂದ ಮೈಭಾರ ಹಾಕಿ, ನಡುಕ ಇಳಿಯುವ ತನಕ ಅಮುಕಿ ಹಿಡಿದುಕೊಳ್ಳಬೇಕು. ಮಕ್ಕಳನ್ನು ತಾಯಿ ಹಿಡಿಯುತ್ತಿದ್ದಳು, ತಾಯಿಯನ್ನು ಸೊಸೆ ಹಿಡಿಯುತ್ತಿದ್ದಳು. ಗಂಡ ಹೆಂಡಿರು ಜಗಳವಾಡಿ ಮಾತು ಬಿಟ್ಟಿದ್ದರೂ ಆ ಒಂದು ಗಂಟೆ ಹಿಡಿದುಕೊಂಡು, ಮತ್ತೆ ಮಾತು ಬಿಡುತ್ತಿದ್ದರು. ಮುನ್ಷಿಯ ಅಕ್ಕನನ್ನು ಹಿಡಿಯುವವರು ಯಾರೂ ಇರಲಿಲ್ಲ. ಅವಳು ಕೇಳಿರಲೂ ಇಲ್ಲ. ತಮ್ಮನಿಗೆ ಕೆಲಸವಿದೆ ಎಂದು ಅವಳೇ ಎಲ್ಲರಿಗೂ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಮರೆತ ಕಟ್ಟು ತೆಗೆದುಕೊಂಡು ಹೋಗಲು ಮುನ್ಷಿ ಮನೆಗೆ ಬಂದ. ಮೂರು ಕಂಬಳಿಯ ಕೆಳಗೆ ಅಕ್ಕ ನಡುಗುತ್ತಿದ್ದಳು. ಹಲ್ಲು ಕಟಕಟ ಎನ್ನುತ್ತಿತ್ತು. ಅವನು ಬಾಗಿಲಲ್ಲೇ ನಿಂತ. ಅವನಿಗೆ ಗಾಬರಿಯಾಗಲಿಲ್ಲ. ಹೇಳಿದರೆ ಪಾಪ ಬರುತ್ತದೆ, ಅವನಿಗೆ ಸಂತೋಷವಾಯಿತು. ಚೀಟಿ, ಮಸಿ, ಲೇಖನಿ ತೆಗೆದುಕೊಂಡು ಅವಳ ಪಕ್ಕದಲ್ಲಿ ಕೂತ. ಈಗ ಆಗುತ್ತಿರುವುದಕ್ಕೆ ನೀನು ಏನನ್ನುತ್ತೀ ಎಂದು ಕೇಳಿದ.

ಇಪ್ಪತ್ತು ವರ್ಷದಲ್ಲಿ ತಮ್ಮ ಅವಳ ಹತ್ತಿರ ಕೂತು ಒಂದು ವಿಷಯ ಕೇಳಿದ್ದು ಅದೇ ಮೊದಲು. ನಡುಗುತ್ತಲೇ ಅವಳು ಹೇಳಿದಳು: ಗಡಗಡ ಎನ್ನುತ್ತೇವೆ. ಅವನು ಬರೆದುಕೊಂಡ. ಮತ್ತೆ ಕೇಳಿದ. ಥರಥರ ಎಂದಳು. ಒಂದು ಸಲ ಅವನ ಮೊಣಕೈ ಅವಳ ಭುಜಕ್ಕೆ ತಾಗಿ, ಅವಳ ನಡುಕ ಲೇಖನಿಗೆ ಬಂದು, ಅಕ್ಷರ ಕೆಟ್ಟಿತು. ಅವನು ಒಂದು ಮೊಳ ಆಚೆ ಸರಿದು ಕೂತು ಚೀಟಿಯನ್ನು ಮತ್ತೆ ಬರೆದ.

ಅಂದಿನಿಂದ ಜ್ವರದ ದಿನ ಮಧ್ಯಾಹ್ನ ಅವನು ತಪ್ಪದೆ ಮನೆಗೆ ಬರತೊಡಗಿದ. ಒಂದು ಗಂಟೆ ಕೂರುತ್ತಿದ್ದ. ಅವಳು ಹೇಳಿದ ಪದವನ್ನು ಮರುದಿನ ಮಡಿವಾಳಗಿತ್ತಿಯನ್ನೋ ಗಾಣದವನನ್ನೋ ಕೇಳಿ ಎರಡನೆಯ ಬಾಯಿ ಕೂಡಿಸುತ್ತಿದ್ದ. ದೊರೆಯ ಬೀರುವಿನಲ್ಲಿ ಆ ಜ್ವರದ ಮದ್ದಿನ ಪುಡಿ ಶೀಶೆಗಟ್ಟಲೆ ಇತ್ತು. ಮುನ್ಷಿ ದಿನವೂ ಆ ಬೀರುವಿನ ಪಕ್ಕದಲ್ಲೇ ಕೂರುತ್ತಿದ್ದ. ಕೇಳಿದ್ದರೆ ದೊರೆ ಕೊಡುತ್ತಿದ್ದ. ಕೇಳಬೇಕೆಂದು ಅವನಿಗೆ ಹೊಳೆಯಲಿಲ್ಲ.

ನಾಲ್ಕನೆಯ ಸಲಕ್ಕೆ ಚೀಟಿ ತುಂಬಿತು. ಇನ್ನು ಈ ಪದ ಮುಗಿಯಿತು ಎಂದು ಅವನು ಲೇಖನಿ ಒರೆಸಿ ಏಳಲು ಹೋದ. ಕಂಬಳಿಯ ಒಳಗಿನಿಂದ ಅಕ್ಕ ಹೇಳಿದಳು, ತನ್ನ ಗಂಡನ ಊರಲ್ಲಿ ಇನ್ನೊಂದು ಮಾತಿತ್ತು, ಮೊಣಕಾಲಿನಿಂದ ಹತ್ತಿ ಬರುವ ಚಳಿಗೆ ಅಲ್ಲಿ ಜಿಮುರು ಎನ್ನುತ್ತಿದ್ದರು ಎಂದು. ಮುನ್ಷಿ ಮತ್ತೆ ಕೂತ. ಅದರ ಮುಂದಿನ ಸಲ ಅವಳು ಮೊಣಗು ಎಂಬ ಪದ ಹೇಳಿದಳು. ಜ್ವರ ಇಳಿದ ಮೇಲೆ ಹೆಗಲಲ್ಲಿ ಉಳಿಯುವ ಸಣ್ಣ ನಡುಕವಂತೆ ಅದು. ಸಲಕ್ಕೊಂದು ಪದ. ಒಂದೊಂದಕ್ಕೂ ವಿವರಣೆ. ಮುನ್ಷಿ ಹಿಗ್ಗಿದ. ಯಾವ ಪಂಡಿತನ ಓಲೆಯಲ್ಲೂ ಇಲ್ಲದ ಪದಗಳು ತನ್ನ ಮನೆಯ ಹಾಸಿಗೆಯಲ್ಲಿ ಸಿಕ್ಕಿದವು ಎಂದು ದೊರೆಯ ಮುಂದೆ ಕೊಚ್ಚಿಕೊಂಡ. ದೊರೆ ಅವುಗಳನ್ನು ಅಂದವಾಗಿ ಬರೆದಿಟ್ಟುಕೊಂಡ.

ಎರಡನೆಯ ಬಾಯಿ ಮಾತ್ರ ಸಿಗಲಿಲ್ಲ. ಮಡಿವಾಳಗಿತ್ತಿ ಕೇಳಿಲ್ಲ ಎಂದಳು. ಗಾಣದವನು ನಕ್ಕ. ಮುನ್ಷಿ ಬಿಡುವ ಆಸಾಮಿಯೇ? ಗಾಡಿ ಮಾಡಿಕೊಂಡು ಆರು ಹರದಾರಿ ದೂರದ ಅಕ್ಕನ ಗಂಡನ ಊರಿಗೇ ಹೋದ. ಹಲ್ಲು ಬಿದ್ದ ಮುದುಕಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಒಂದೊಂದೇ ಪದ ಕೇಳಿದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಂಥ ಮಾತು ಯಾವ ಸೀಮೆಯದು ಸ್ವಾಮಿ ಎಂದು ಅವರೇ ಅವನನ್ನು ಕೇಳಿದರು.

ಅವನು ಮನೆಗೆ ಬಂದಾಗ ಅಕ್ಕ ಅಕ್ಕಿ ಆರಿಸುತ್ತಿದ್ದಳು. ಅದು ಜ್ವರವಿಲ್ಲದ ದಿನ. ಅವನು ಚಪ್ಪಲಿ ಬಿಡದೆಯೇ ಕೇಳಿದ. ಅವಳು ಮೊರ ಕೆಳಗಿಟ್ಟಳು. ಸುಳ್ಳನ್ನು ಇನ್ನಷ್ಟು ಸುಳ್ಳಿನಿಂದ ಮುಚ್ಚಲು ಹೋಗಲಿಲ್ಲ.

"ನಾನೇ ಕಟ್ಟಿದೆ ಕಣಪ್ಪಾ. ಪದ ಮುಗಿದ್ರೆ ನೀನು ಎದ್ದು ಹೋಗ್ತೀಯಲ್ಲ."

ಅಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ತಪ್ಪು ಸಿಕ್ಕಿಬಿದ್ದ ನಾಚಿಕೆ ಅವಳಿಗೆ. ಮುನ್ಷಿಗೆ ಆ ಮಾತಿನಲ್ಲಿ ಮೊದಲರ್ಧ ಮಾತ್ರ ಕೇಳಿಸಿತು. ಅವನ ಮುಖ ಕೆಂಪಾಯಿತು.

"ಅಕ್ಕ, ಅಚ್ಚಾಗೋ ಪುಸ್ತಕದಲ್ಲಿ ಸುಳ್ಳು ಸೇರಿಸ್ಬಿಟ್ಟೆಯಲ್ಲ. ಹದಿನಾಲ್ಕು ವರ್ಷದ ನನ್ನ ಕೆಲಸ ಕೆಡಿಸಿದೆ ನೀನು."

ಅವನು ಆ ಚೀಟಿಗಳನ್ನು ಅವಳೆದುರಿಗೇ ಹರಿದು ಒಲೆಗೆ ಹಾಕಿದ. ಮರುದಿನ ಜ್ವರದ ದಿನ. ಪುಸ್ತಕದ ಹಾಳೆಗಳು ಅಚ್ಚಿಗೆ ಹೊರಡಲು ಮೂರೇ ದಿನ ಉಳಿದಿದ್ದವು. ಅವನು ಬೆಳಿಗ್ಗೆಯೇ ಬಂಗಲೆಗೆ ಹೋಗಿ ಮಧ್ಯಾಹ್ನ ಅಲ್ಲಿಯೇ ಉಳಿದ. ಕೋಪ ಅಷ್ಟು ಹೊತ್ತಿಗೆ ಅರ್ಧ ಇಳಿದಿತ್ತು. ಹೋಗಿ ಕೂರೋಣವೇ ಎಂದು ಒಮ್ಮೆ ಅನ್ನಿಸಿತು. ಆದರೆ ಕೇಳಲು ಏನೂ ಇಲ್ಲದೆ ಹೋಗಿ ಕೂರುವುದು ಹೇಗೆ ಎಂದು ಅವನಿಗೆ ತಿಳಿಯಲಿಲ್ಲ. ಅಭ್ಯಾಸವಿರಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಕಟ್ಟುಗಳನ್ನು ತರಲು ಮನೆಗೆ ಬಂದ. ಗೋಡೆಯ ಗೂಡುಗಳು ಖಾಲಿಯಾಗಿದ್ದವು. ಅಕ್ಕ ಹಾಸಿಗೆಯಲ್ಲಿದ್ದಳು. ಮೂರು ಕಂಬಳಿ ಹೊದ್ದು, ಅದರ ಮೇಲೆ ಅವನ ಕಟ್ಟುಗಳನ್ನೆಲ್ಲ ಎಳೆದು ಹೇರಿಕೊಂಡಿದ್ದಳು. ಎದೆಯ ಮೇಲೆ ನಾಲ್ಕು, ಕಾಲ ಮೇಲೆ ಐದು. ಒಂದೆರಡು ಜಾರಿ ನೆಲಕ್ಕೆ ಬಿದ್ದಿದ್ದವು. ಭಾರ ಹಾಕುವವರು ಇಲ್ಲದ ಮನೆಯಲ್ಲಿ ಭಾರವಾದದ್ದು ಅವಷ್ಟೇ ಇದ್ದವು.

ಮುನ್ಷಿಗೆ ಬೈಯಬೇಕೆನ್ನಿಸಲಿಲ್ಲ. ನಡುಕ ನಿಂತಿತ್ತು. ಜ್ವರ ಇಳಿದು ನಿದ್ದೆ ಹತ್ತಿದೆ ಎಂದುಕೊಂಡ. ಸದ್ಯ, ಮಲಗಲಿ ಎಂದುಕೊಂಡ. ನೆಲಕ್ಕೆ ಬಿದ್ದ ಕಟ್ಟನ್ನು ಸದ್ದಾಗದಂತೆ ಎತ್ತಿಕೊಂಡು ಅವಳ ಪಕ್ಕದಲ್ಲಿ ಕೂತ. ಈ ಸಲ ಮೊಳದ ದೂರ ಇಟ್ಟುಕೊಳ್ಳಲಿಲ್ಲ. ಅವಳ ಹಾಸಿಗೆಯ ಅಂಚಿಗೆ ಅವನ ತೊಡೆ ತಾಗುತ್ತಿತ್ತು. ಉಳಿದ ಚೀಟಿಗಳನ್ನು ಒಂದೊಂದಾಗಿ ತಿದ್ದಿದ. ಕೈ ಅಲುಗಲಿಲ್ಲ, ಅಕ್ಷರ ಮುತ್ತಿನಂತೆ ಬಂದವು. ನಡುವೆ ಒಮ್ಮೆ ತಲೆಯೆತ್ತಿ ಅವಳ ಕಡೆ ನೋಡಿದ. ಅವಳು ಎದ್ದ ಮೇಲೆ ಹೇಳಬೇಕೆಂದುಕೊಂಡ, ಮುಂದಿನ ಸಲ ಪದ ಇಲ್ಲದಿದ್ದರೂ ಬರುತ್ತೇನೆ ಎಂದು. ಹೇಗೆ ಹೇಳುವುದು ಎಂದು ಮನಸ್ಸಿನಲ್ಲೇ ಎರಡು ಮೂರು ಬಗೆಯಾಗಿ ಜೋಡಿಸಿಕೊಂಡ. ಅವನು ಅಕ್ಕನ ಪಕ್ಕದಲ್ಲಿ ಅಷ್ಟು ದೀರ್ಘವಾಗಿ ಯಾವತ್ತೂ ಕೂತಿರಲಿಲ್ಲ.

ದೊರೆಯ ಜವಾನ ಕಟ್ಟುಗಳಿಗಾಗಿ ಬಂದ. ಮುನ್ಷಿ ಪಿಸುದನಿಯಲ್ಲಿ ಅಕ್ಕಾ ಎಂದ. ಆಮೇಲೆ ಸ್ವಲ್ಪ ಗಟ್ಟಿಯಾಗಿ ಕರೆದ. ಎದೆಯ ಮೇಲಿನ ಕಟ್ಟನ್ನು ಎತ್ತಲು ಹೋದಾಗ ಅವಳ ಕೈ ತಾಗಿತು. ಅದು ತಣ್ಣಗಿತ್ತು. ಜವಾನ ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

ಊರಿನವರು ಬಂದರು, ಆಗಬೇಕಾದ್ದೆಲ್ಲ ಆಯಿತು. ಹನ್ನೆರಡು ದಿನದ ಗದ್ದಲ ಮುಗಿದು ಮನೆ ಬರಿದಾಯಿತು. ಬೇಗ ಹೋಗಿ ಮಾಡಬೇಕಾದ ಕೆಲಸ ಮುನ್ಷಿಗೆ ಯಾವುದೂ ಉಳಿದಿರಲಿಲ್ಲ. ದಿನ ಬಿಟ್ಟು ದಿನ ನಡುಮಧ್ಯಾಹ್ನಕ್ಕೆ ಅವನ ಕಾಲುಗಳು ತಾವಾಗಿ ಮನೆಯ ಕಡೆ ತಿರುಗುತ್ತಿದ್ದವು. ಬಂದು ಅಕ್ಕನ ಹಾಸಿಗೆಯಿದ್ದ ಜಾಗದ ಪಕ್ಕದಲ್ಲಿ ಕೂರುತ್ತಿದ್ದ. ಒಂದು ಗಂಟೆ ಕೂತು ಏಳುತ್ತಿದ್ದ. ಅಂಥ ಒಂದು ಮಧ್ಯಾಹ್ನ ಅವನ ಬಲಗೈ ನಡುಗಲು ಶುರುವಾಯಿತು. ಚಳಿಯಿರಲಿಲ್ಲ, ಜ್ವರವಿರಲಿಲ್ಲ. ಎಡಗೈಯಿಂದ ಹಿಡಿದುಕೊಂಡ. ಎಡಗೈಯೂ ನಡುಗಿತು. ಒಬ್ಬನ ಎರಡು ಕೈ ಒಂದನ್ನೊಂದು ಎಷ್ಟು ಹೊತ್ತು ಹಿಡಿಯಬಲ್ಲವು? ಅವನಿಗೆ ಅಕ್ಕನ ಮೇಲೆ ಹೇರಿದ್ದ ಕಾಗದದ ಕಟ್ಟುಗಳು ಕಣ್ಣಿಗೆ ಕಟ್ಟಿದವು, ಮತ್ತು ಅವನು ಮೊದಲ ಸಲ ಬಾಯಿಬಿಟ್ಟು ಅತ್ತ. ಬೀದಿಯಲ್ಲಿ ಹೋಗುವವರು ದುಃಖದ ಮನೆ ಎಂದು ಗೌರವದಿಂದ ದೂರವೇ ಸರಿದು ಹೋದರು.

ಸಾವಿನ ಕಾರಣಕ್ಕೆ ದೊರೆ ತಡೆದಿಟ್ಟಿದ್ದ ಅಚ್ಚಿನ ಹಾಳೆಗಳಲ್ಲಿ ಆರನೆಯ ಪದವಾದ ಟ್ರೆಂಬಲ್ ಮುಂದೆ ಜಾಗ ಖಾಲಿಯಾಗಿಯೇ ಉಳಿದಿತ್ತು. ದೊರೆ ಮುನ್ಷಿಯನ್ನು ಕರೆಸಿದ. ನಡೆದದ್ದಕ್ಕೆ ವಿಷಾದ ಹೇಳಿದ, ಕುರ್ಚಿ ಕೊಟ್ಟ. ಹಾಳೆಯನ್ನೂ ಲೇಖನಿಯನ್ನೂ ಅವನ ಮುಂದೆ ಇಟ್ಟ. ಮುನ್ಷಿ ಲೇಖನಿ ಎತ್ತಿಕೊಂಡ. ಕೈ ನಡುಗಿತು, ಮಸಿ ಹಾಳೆಯ ಮೇಲೆ ಹನಿಹನಿಯಾಗಿ ಬಿತ್ತು. ಬರೆಯಲು ಆಗದೆ ಅವನು ಮೇಜಿನ ಆಚೆ ಕೂತ ದೊರೆಯ ಕಡೆ ನೋಡಿದ. ಆ ನೋಟ ಹಿಡಿದುಕೊಳ್ಳಲು ಒಂದು ಕೈ ಕೇಳುತ್ತಿದೆ ಎಂದು ಯಾರಿಗಾದರೂ ತಿಳಿಯಬಹುದಿತ್ತು. ದೊರೆ ಒಳ್ಳೆಯವನು, ಅವನ ಕಣ್ಣಲ್ಲೂ ನೀರಿತ್ತು. ಆದರೆ ಹದಿನಾಲ್ಕು ವರ್ಷ ಮುನ್ಷಿಯ ಕೈಕೆಳಗೆ ಪಳಗಿದ ವಿದ್ಯಾರ್ಥಿ ಅವನು. ಒಂದು ಹೊಸ ಚೀಟಿ ತೆಗೆದುಕೊಂಡು, ಬಹಳ ಮೃದುವಾಗಿ ಕೇಳಿದ:

"ಮುನ್ಷಿಗಳೇ, ಇದಕ್ಕೆ ನಿಮ್ಮಲ್ಲಿ ಏನನ್ನುತ್ತಾರೆ?"

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಅಚ್ಯುತ ಮುಂದಿನ ಮಾತಿಗೆ ಕಾದ. ಕತೆ ಮುಂದಕ್ಕೆ ಹೋಗಲಿಲ್ಲ. ಅವನ ಮನಸ್ಸು ಮಿಡಿದಿತ್ತು, ಸುಳ್ಳಲ್ಲ. ಆದರೂ ಒಂದು ಸಂಶಯ ಉಳಿದಿತ್ತು. ತಡೆಯಲಾರದೆ ಕೇಳಿದ, "ಗುರುಗಳೇ, ಕೊನೆಗೆ ಮುನ್ಷಿ ಆ ಜಾಗದಲ್ಲಿ ಯಾವ ಪದ ಬರೆದ?"

ಗುರುಗಳು ಅವನ ಮುಖವನ್ನೇ ನೋಡಿ ಹೇಳಿದರು:

"ನಾಲ್ಕು ದಿನದಿಂದ ನಿನ್ನ ಪಕ್ಕದ ಕೋಣೆಯಲ್ಲಿ ಜ್ವರ ಬಂದು ಮಲಗಿರುವವರು ಯಾರು, ಅದನ್ನು ಮೊದಲು ಹೇಳು."